ತಿಪ್ಪಿಯಿಂದ ಡಬ್ಬಿಗೆ: ಧಾರವಾಡದ ಕ್ಯಾಂಪಸ್ ಕಸದ ಚರಿತ್ರೆ

ನಮ್ಮ ಊರುಗಳಲ್ಲಿ ಮನೆಗೊಂದು ತಿಪ್ಪಿ ಇರುತ್ತದೆ. ಸಗಣಿ, ಒಲೆಯ ಬೂದಿ, ದನ ತಿಂದುಳಿದ ಕಣಿಕಿ, ಅಂಗಳ ಗುಡಿಸಿದ ಧೂಳು ಎಲ್ಲ ಅಲ್ಲಿಗೇ ಹೋಗುತ್ತವೆ. ಬೇಸಿಗೆಯಲ್ಲಿ ಚಕ್ಕಡಿ ಹೇರಿ ಅದನ್ನು ಹೊಲಕ್ಕೆ ಒಯ್ಯುತ್ತಾರೆ. ತಿಪ್ಪಿ ಜಾಗಕ್ಕಾಗಿ ಅಣ್ಣತಮ್ಮಂದಿರು ಜಗಳಾಡಿ ಪಂಚಾಯಿತಿ ಸೇರಿದ್ದನ್ನು ನಾವು ಕಂಡಿದ್ದೇವೆ. ಮಕ್ಕಳು ಉಳಿಯದ ಮನೆಯಲ್ಲಿ ಕೂಸು ಹುಟ್ಟಿದರೆ ತಿಪ್ಪಿಯ ಮೇಲೆ ಮಲಗಿಸಿ ಎತ್ತಿಕೊಂಡು ತಿಪ್ಪಣ್ಣ, ತಿಪ್ಪವ್ವ ಎಂದು ಹೆಸರಿಡುವ ರೂಢಿಯೂ ಇತ್ತು. ಹರಿದ ಸೀರೆ ಕೌದಿಯಾಗುತ್ತಿತ್ತು, ಹರಿದ ಕೌದಿ ಎತ್ತಿನ ಬೆನ್ನಿಗೆ ಹೋಗುತ್ತಿತ್ತು. ಓದಲು ಧಾರವಾಡಕ್ಕೆ ಬಂದ ಮೇಲೆ ಹಾಸ್ಟೆಲಿನ ಬಾಗಿಲಲ್ಲಿ ನಮಗೆ ಕಸದ ಡಬ್ಬಿ ಸಿಕ್ಕಿತು. ಅದರೊಳಗೆ ಹಾಕಿದ್ದು ಎಲ್ಲಿಗೆ ಹೋಗುತ್ತದೆ ಎಂದು ಅಲ್ಲಿದ್ದಷ್ಟು ವರ್ಷವೂ ನಾವು ಕೇಳಲಿಲ್ಲ.

ಈಗ ಕೇಳುತ್ತಿದ್ದೇವೆ. ಉತ್ತರ ಹುಡುಕುತ್ತಾ ಹೋದರೆ ಅದು ನೂರೈವತ್ತು ವರ್ಷಕ್ಕೂ ಹಿಂದೆ ಒಯ್ಯುತ್ತದೆ.

ಪುರಸಭೆಯ ಕಾಲ

ಹುಬ್ಬಳ್ಳಿಗೆ 1855ರಲ್ಲಿ, ಧಾರವಾಡಕ್ಕೆ 1856ರಲ್ಲಿ ಪುರಸಭೆ ಬಂತು. ಎರಡೂ ಆಗ ಮುಂಬೈ ಪ್ರಾಂತಕ್ಕೆ ಸೇರಿದ ಊರುಗಳು. ಆ ಪ್ರಾಂತದ ಹಲವು ಊರುಗಳಲ್ಲಿ ಪುರಸಭೆಯವರು ಬೀದಿಯ ಕಸ, ಬೂದಿ ಮತ್ತು ಮಲವನ್ನು ಬೆರೆಸಿ ಕೊಳೆಸಿ, ಆ ಗೊಬ್ಬರವನ್ನು ರೈತರಿಗೆ ಮಾರುತ್ತಿದ್ದರು. ಊರಿನ ಹೊಲಸು ಸುತ್ತಲಿನ ಹೊಲಕ್ಕೆ ಹೋಗುತ್ತಿತ್ತು, ಹೊಲದ ಕಾಳು ಊರಿಗೆ ಬರುತ್ತಿತ್ತು.

ಇದನ್ನು ಹಳೆಯ ಒಳ್ಳೆಯ ಕಾಲ ಎಂದು ಹೊಗಳಿ ಮುಂದೆ ಹೋಗುವಂತಿಲ್ಲ. ಆ ಹೊಲಸನ್ನು ತಲೆಯ ಮೇಲೆ ಹೊತ್ತವರು ಯಾರು ಎಂಬುದೂ ಈ ಚರಿತ್ರೆಯ ಭಾಗ. ಮಲ ಹೊರುವ ಕೆಲಸವನ್ನು ಕೆಲವೇ ಜಾತಿಗಳ ಹೆಗಲಿಗೆ ಕಟ್ಟಲಾಗಿತ್ತು. ನಮ್ಮ ರಾಜ್ಯದಲ್ಲಿ ಅದನ್ನು ನಿಷೇಧಿಸುವ ಹೆಜ್ಜೆ ಇಟ್ಟವರು ಪೌರಾಡಳಿತ ಸಚಿವರಾಗಿದ್ದ ಬಿ. ಬಸವಲಿಂಗಪ್ಪ. ಅದು 1970ರ ದಶಕದ ಆರಂಭ. ಕೇಂದ್ರದ ಕಾನೂನು ಬಂದದ್ದು 1993ರಲ್ಲಿ, ಅದು ಸಾಲದೆ ಮತ್ತೊಂದು ಬಂದದ್ದು 2013ರಲ್ಲಿ.

ಕಾಲೇಜು ಬಂತು

ಧಾರವಾಡದಲ್ಲಿ ಕರ್ನಾಟಕ ಕಾಲೇಜು ಶುರುವಾದದ್ದು 1917ರಲ್ಲಿ. ಮುಂದೆ ಅದಕ್ಕೆ ಸಿಕ್ಕ ಭವ್ಯ ಕಟ್ಟಡ ಕಾಲೇಜಿಗೆಂದು ಕಟ್ಟಿದ್ದಲ್ಲ. ಅದು ದಕ್ಷಿಣ ಮರಾಠಾ ರೈಲ್ವೆ ಕಂಪನಿಯ ಮುಖ್ಯ ಕಚೇರಿಯಾಗಿತ್ತು. 1908ರಲ್ಲಿ ಆ ಕಂಪನಿ ಮದ್ರಾಸ್ ರೈಲ್ವೆಯ ಜೊತೆ ಸೇರಿತು, ಕಾರುಬಾರು ಮದ್ರಾಸಿಗೆ ಹೋಯಿತು, ಕಟ್ಟಡ ಇಲ್ಲೇ ಉಳಿಯಿತು. ರೈಲಿನ ಲೆಕ್ಕ ಬರೆದ ಕೋಣೆಗಳಲ್ಲಿ ಆಮೇಲೆ ಹುಡುಗರು ಪಾಠ ಕೇಳಿದರು. ನಮ್ಮ ಊರಿನ ಶಿಕ್ಷಣದ ಮೊದಲ ದೊಡ್ಡ ಮರುಬಳಕೆ ಆ ಕಟ್ಟಡವೇ ಎಂದು ನಾವು ತಿಳಿದಿದ್ದೇವೆ.

ಅದೇ ಕಾಲಕ್ಕೆ ಹಳ್ಳಿ ಹುಡುಗರಿಗೆ ಊಟ ಹಾಕಿದ್ದು ಮಠಗಳ ಪ್ರಸಾದ ನಿಲಯಗಳು. ಮುರುಘಾಮಠದ ಮೃತ್ಯುಂಜಯ ಅಪ್ಪಗಳ ಹೆಸರನ್ನು ಧಾರವಾಡ ಇಂದಿಗೂ ನೆನೆಯುತ್ತದೆ. ಪ್ರಸಾದ ಎಂದ ಮೇಲೆ ತಾಟಿನಲ್ಲಿ ಅಗಳು ಬಿಡುವಂತಿಲ್ಲ. ಬೇಕಾದಷ್ಟೇ ನೀಡಿಸಿಕೊಳ್ಳಬೇಕು, ಉಂಡ ತಾಟು ತಾನೇ ತೊಳೆಯಬೇಕು. ಕಸ ಕಡಿಮೆ ಮಾಡುವುದು ಹೇಗೆ ಎಂದು ಇವತ್ತು ವಿಚಾರ ಸಂಕಿರಣ ಮಾಡುತ್ತೇವೆ. ಅದರ ಅರ್ಧ ಉತ್ತರ ಆ ಪಂಕ್ತಿಯಲ್ಲೇ ಇತ್ತು.

ಗೊತ್ತಿದ್ದ ವಿದ್ಯೆ

ಉಳಿದರ್ಧ ಉತ್ತರವನ್ನು ವಿಜ್ಞಾನಿಗಳು ಕೊಟ್ಟರು, ಅದೂ ಕ್ಯಾಂಪಸ್ಸಿನೊಳಗಿಂದಲೇ. ಆಲ್ಬರ್ಟ್ ಹೊವಾರ್ಡ್ ಇಂದೋರಿನ ಸಂಶೋಧನಾ ಸಂಸ್ಥೆಯಲ್ಲಿ, ರೈತರು ಮಾಡುತ್ತಿದ್ದುದನ್ನು ನೋಡಿ ಕಲಿತು, ಕಸಕಡ್ಡಿ ಮತ್ತು ಸಗಣಿಯನ್ನು ಪದರ ಪದರವಾಗಿ ಒಟ್ಟಿ ತಿರುವಿಹಾಕುವ ಪದ್ಧತಿ ರೂಪಿಸಿದರು. ಸಹೋದ್ಯೋಗಿ ಯಶವಂತ ವಾಡ್ ಜೊತೆ ಸೇರಿ 1931ರಲ್ಲಿ ಪುಸ್ತಕವನ್ನೂ ಬರೆದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್. ಆಚಾರ್ಯ 1939ರ ಹೊತ್ತಿಗೆ ಇನ್ನೊಂದು ದಾರಿ ತೋರಿಸಿದರು. ಗುಂಡಿ ತೋಡಿ, ಪಟ್ಟಣದ ಕಸ ಮತ್ತು ಮಲವನ್ನು ಪದರವಾಗಿ ತುಂಬಿ, ಮೇಲೆ ಮಣ್ಣು ಮೆತ್ತಿ ಬಿಡುವುದು. ತಿರುವಿಹಾಕುವ ಕೆಲಸವಿಲ್ಲ. ಆರೆಂಟು ತಿಂಗಳಲ್ಲಿ ಗೊಬ್ಬರ ಸಿದ್ಧ. ಲೋಕದ ಕೃಷಿ ಪುಸ್ತಕಗಳಲ್ಲಿ ಅದಕ್ಕೆ ಬೆಂಗಳೂರು ಪದ್ಧತಿ ಎಂದೇ ಹೆಸರು. 1980ರ ದಶಕದಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ರಾಧಾ ಕಾಳೆ ಅವರ ಕೆಲಸದಿಂದ ಎರೆಗೊಬ್ಬರ ರೈತರಿಗೆ ಪರಿಚಯವಾಯಿತು.

ಧಾರವಾಡದಲ್ಲಿ ಕೃಷಿ ಕಾಲೇಜು 1947ರಿಂದ ಇದೆ. 1986ರ ಅಕ್ಟೋಬರ್ 1ರಿಂದ ಅದು ಕೃಷಿ ವಿಶ್ವವಿದ್ಯಾಲಯ. ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟಿದ್ದು 1949ರಲ್ಲಿ ಮುಂಬೈಯಲ್ಲಿ, ಮರುವರ್ಷ ಇಲ್ಲಿಗೆ ಬಂತು. ಛೋಟಾ ಮಹಾಬಳೇಶ್ವರ ಗುಡ್ಡದ ಮೇಲಿನ ಕ್ಯಾಂಪಸ್ ರೂಪ ತಳೆದದ್ದು ಡಿ.ಸಿ. ಪಾವಟೆ ಕುಲಪತಿಗಳಾಗಿದ್ದ 1954ರಿಂದ 1967ರ ಅವಧಿಯಲ್ಲಿ. ನೂರಾರು ಎಕರೆ, ಸಾವಿರಾರು ಗಿಡಮರ. ಇಷ್ಟು ಎಲೆ ಉದುರುವ, ಇಷ್ಟು ವಿದ್ಯೆ ಇರುವ ಊರಿನಲ್ಲಿ ಗೊಬ್ಬರಕ್ಕೆ ಬರ ಇರಬಾರದು.

ಆದರೂ ಚಳಿಗಾಲ ಮುಗಿಯುತ್ತಿದ್ದಂತೆ ಅವಳಿನಗರದಲ್ಲಿ ಬೆಳಿಗ್ಗೆ ತಿರುಗಾಡಿ ನೋಡಿ. ಅಲ್ಲಲ್ಲಿ ಎಲೆಯ ರಾಶಿಗೆ ಬೆಂಕಿ ಇಟ್ಟ ಹೊಗೆ ಕಾಣುತ್ತದೆ. ತರಗತಿಯಲ್ಲಿ ಗೊಬ್ಬರದ ಪಾಠ, ಕಿಟಕಿಯ ಹೊರಗೆ ಗೊಬ್ಬರವೇ ಸುಡುತ್ತಿರುವುದು. ಪಾಠ ಮಾಡುವುದು ಒಂದು ವಿಭಾಗ, ಕಸ ಎತ್ತಿಸುವ ಟೆಂಡರು ಕರೆಯುವುದು ಇನ್ನೊಂದು ವಿಭಾಗ. ಎರಡೂ ಒಂದೇ ಮೇಜಿನಲ್ಲಿ ಕುಳಿತದ್ದನ್ನು ನಾವು ಓದಿದ ಕಡೆ ಕಾಣಲಿಲ್ಲ.

ಕಾಗದದ ಲೆಕ್ಕ

ವಿಶ್ವವಿದ್ಯಾಲಯದ ಕಸದಲ್ಲಿ ಬೆಲೆಯುಳ್ಳದ್ದು ಕಾಗದ. ಉತ್ತರಪತ್ರಿಕೆಗಳನ್ನು ಇಂತಿಷ್ಟು ಕಾಲ ಇಟ್ಟು ರದ್ದಿಗೆ ಹಾಕುತ್ತಾರೆ. ಆ ಕಾಗದ ಎಲ್ಲಿಂದ ಬಂತು ಎಂದು ಕೇಳಿದರೆ ನಮ್ಮ ಕಾಡು ನೆನಪಾಗುತ್ತದೆ. ಧಾರವಾಡದಿಂದ ಹಳಿಯಾಳ ದಾಟಿದರೆ ದಾಂಡೇಲಿ. ಅಲ್ಲಿ ಕಾಳಿ ನದಿಯ ದಂಡೆಯ ವೆಸ್ಟ್ ಕೋಸ್ಟ್ ಪೇಪರ್ ಮಿಲ್ 1955ರಲ್ಲಿ ಸ್ಥಾಪನೆಯಾದ ಕಂಪನಿ. ಅದಕ್ಕೆ ಉತ್ತರ ಕನ್ನಡದ ಬಿದಿರನ್ನು ಟನ್ನಿಗೆ ಒಂದೂವರೆ ರೂಪಾಯಿಯಂತೆ ಕೊಡಲಾಗಿತ್ತು ಎಂದು ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಬರೆದಿದ್ದಾರೆ. ಬುಟ್ಟಿ ಹೆಣೆಯುವ ಮೇದಾರರಿಗೆ ಬಿದಿರು ಸಿಗದಂತಾಗಿ ದೂರು ಎದ್ದಿತು. 1975ರಲ್ಲಿ ರಾಜ್ಯ ಸರ್ಕಾರ ಗಾಡ್ಗೀಳರಿಗೇ ಅಧ್ಯಯನ ಮಾಡಲು ಹೇಳಿತು. ಹಳ್ಳಿಗರ ಕೈಯೇ ಬಿದಿರಿನ ನಾಶಕ್ಕೆ ಕಾರಣ ಎಂಬ ಮಾತು ಆಗ ಚಾಲ್ತಿಯಲ್ಲಿತ್ತು. ಅವರು ಮೆಳೆಗಳ ಬಳಿ ಹೋಗಿ ನೋಡಿದಾಗ ಕಂಡದ್ದು ಬೇರೆ. ಬೆಳವಣಿಗೆ ಹೆಚ್ಚಲಿ ಎಂದು ಮಿಲ್ಲಿನವರು ಮೆಳೆಯ ಬುಡದ ಮುಳ್ಳಿನ ಹೊದಿಕೆ ಸವರುತ್ತಿದ್ದರು. ಹಾಗೆ ಬಯಲಾದ ಎಳೆಯ ಕಳಲೆಯನ್ನು ದನ, ಮಂಗ ತಿಂದುಹಾಕುತ್ತಿದ್ದವು. ಹಳ್ಳಿಯವರು ಆ ಮುಳ್ಳು ಮುಟ್ಟುತ್ತಿರಲಿಲ್ಲ.

ಕಸದ ಬುಟ್ಟಿ ಎಂಬ ಮಾತಿನ ಬುಟ್ಟಿ ಮೇದಾರರು ಹೆಣೆದದ್ದು. ಬಿದಿರು ಕಾಗದವಾಯಿತು, ಕಾಗದ ರದ್ದಿಯಾಯಿತು, ಬುಟ್ಟಿಯ ಜಾಗಕ್ಕೆ ಪ್ಲಾಸ್ಟಿಕ್ ಡಬ್ಬಿ ಬಂತು.

ನಮ್ಮ ಜಿಲ್ಲೆ ಇದನ್ನು ಸುಮ್ಮನೆ ನೋಡಿಕೊಂಡು ಕೂತಿರಲಿಲ್ಲ. 1984ರಲ್ಲಿ ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಸೇರಿ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿ ಮಾಡಿ, ಊರ ಗೋಮಾಳಗಳಲ್ಲಿ ನೀಲಗಿರಿ ಬೆಳೆಯಲು ಹೊರಟವು. ಅದು ಕಾಗದಕ್ಕಲ್ಲ, ಕೃತಕ ನೂಲಿನ ತಿರುಳಿಗೆ. ಧಾರವಾಡದ ಸಮಾಜ ಪರಿವರ್ತನ ಸಮುದಾಯ ರೈತರ ಜೊತೆ ನಿಂತಿತು. 1987ರ ನವೆಂಬರ್ 14ರಂದು, ಆಗ ಧಾರವಾಡ ಜಿಲ್ಲೆಯಲ್ಲಿದ್ದ ಕುಸನೂರಿನಲ್ಲಿ, ಜನ ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಗಿಡ ಹಚ್ಚಿದರು. ಕಿತ್ತಿಕೊ ಹಚ್ಚಿಕೊ ಸತ್ಯಾಗ್ರಹ ಎಂದರೆ ಅದೇ. 1991ರಲ್ಲಿ ಆ ಕಂಪನಿಯನ್ನು ಮುಚ್ಚುವ ತೀರ್ಮಾನವಾಯಿತು. ಒಂದು ಬದಿ ಖಾಲಿ ಬಿಟ್ಟ ಕಾಗದ ಡಬ್ಬಿಗೆ ಎಸೆಯುವಾಗ ಈ ಇತಿಹಾಸ ನೆನಪಿಗೆ ಬಂದರೆ ಸಾಕು.

ಊರ ಹೊರಗಿನ ಗುಡ್ಡ

1962ರಲ್ಲಿ ಹುಬ್ಬಳ್ಳಿ ಮತ್ತು ಧಾರವಾಡ ಒಂದೇ ಮಹಾನಗರ ಪಾಲಿಕೆಯಾದವು. ಧಾರವಾಡದ ಕಸ ಹೊಸಯಲ್ಲಾಪುರದ ಕಡೆಗೆ, ಹುಬ್ಬಳ್ಳಿಯದು ಕಾರವಾರ ರಸ್ತೆಯ ಅಂಚಟಗೇರಿಯ ಕಡೆಗೆ ಹೋಗಿ ಗುಡ್ಡವಾಯಿತು. ಹಿಂದೆ ರೈತ ಪಟ್ಟಣದ ಗೊಬ್ಬರವನ್ನು ದುಡ್ಡು ಕೊಟ್ಟು ಒಯ್ಯುತ್ತಿದ್ದ. ಪ್ಲಾಸ್ಟಿಕ್, ಗಾಜು, ಬ್ಯಾಟರಿ ಬೆರೆತ ಮೇಲೆ ಅದನ್ನು ಯಾವ ರೈತನೂ ಹೊಲಕ್ಕೆ ಬಿಟ್ಟುಕೊಳ್ಳುವುದಿಲ್ಲ. ಹಸಿ ಮತ್ತು ಒಣ ಕಸ ಬೆರೆತ ದಿನವೇ ತಿಪ್ಪಿ ಗುಡ್ಡವಾಯಿತು.

ಬೆಂಗಳೂರಿನ ಹೊರವಲಯದ ಅಲ್ಮಿತ್ರಾ ಪಟೇಲ್ 1996ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಅದರ ಫಲವಾಗಿ 2000ದಲ್ಲಿ ದೇಶಕ್ಕೆ ಮೊದಲ ಘನತ್ಯಾಜ್ಯ ನಿಯಮ ಬಂತು. 2016ರ ನಿಯಮ ಇನ್ನೂ ಸ್ಪಷ್ಟವಾಗಿತ್ತು. ಅದರ ಪ್ರಕಾರ ದಿನಕ್ಕೆ ಸರಾಸರಿ 100 ಕಿಲೋ ಮೀರಿ ಕಸ ಹೊರಹಾಕುವ ವಿಶ್ವವಿದ್ಯಾಲಯ, ಕಾಲೇಜು, ಹಾಸ್ಟೆಲುಗಳೆಲ್ಲ ಭಾರಿ ಕಸ ಉತ್ಪಾದಕರಾಗಿದ್ದವು. 5,000 ಚದರ ಮೀಟರಿಗೂ ಹೆಚ್ಚು ಜಾಗವುಳ್ಳ ಸಂಸ್ಥೆ ಕಸವನ್ನು ಮೂಲದಲ್ಲೇ ಬೇರ್ಪಡಿಸಬೇಕಿತ್ತು, ಹಸಿ ಕಸವನ್ನು ಆದಷ್ಟೂ ತನ್ನ ಆವರಣದಲ್ಲೇ ಗೊಬ್ಬರ ಅಥವಾ ಅನಿಲ ಮಾಡಬೇಕಿತ್ತು. ಬಯಲಲ್ಲಿ ಸುಡುವುದಕ್ಕೆ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಿನಲ್ಲಿ 5,000 ರೂಪಾಯಿ, ದೊಡ್ಡ ಪ್ರಮಾಣದ್ದಾದರೆ 25,000 ರೂಪಾಯಿ ದಂಡ ಗೊತ್ತುಮಾಡಿತು.

ನಿಯಮ ಇದೆ, ವಿದ್ಯೆ ಇದೆ, ಜಾಗ ಇದೆ. ಮತ್ತೇನು ಕೊರತೆ? ಇದನ್ನು ನಾವು ಒಂದು ಕ್ಯಾಂಪಸ್ಸಿನಲ್ಲಿ ಹೊರಗುತ್ತಿಗೆಯ ಮೇಲೆ ಕಸ ಆರಿಸುವ ಹಿರಿಯ ಹೆಣ್ಣುಮಗಳೊಬ್ಬರಿಗೆ ಕೇಳಿದೆವು. ಕೈಯಲ್ಲಿ ಗವಸು ಇರಲಿಲ್ಲ.

‘ಯಕ್ಕಾ, ಹಸಿದು ಒಣದು ಬ್ಯಾರೆ ಬ್ಯಾರೆ ಡಬ್ಬಿ ಇಟ್ಟಾರಲ್ರೀ?’

‘ಡಬ್ಬಿ ಎರಡದಾವ ತಮ್ಮಾ, ಹಾಕೂ ಕೈ ಒಂದ ಐತಿ. ಸಾರು ಚೆಲ್ಲಿದ ಪ್ಲೇಟಿನ ಕೆಳಗ ಒಡದ ಗಾಜ ಇರ್ತೈತಿ. ಕಲತವ್ರ ಇದ್ದಲ್ಲೇ ನನ್ನ ಬೆರಳು ಕೊಯ್ಕೊಂಡಾವು.’

ಆ ಮಾತು ಕೇಳಿ ನಾವು ಸುಮ್ಮನಾದೆವು. ಹಾಸ್ಟೆಲಿನಲ್ಲಿ ಹಾಗೆ ಹಾಕಿದವರಲ್ಲಿ ನಾವೂ ಇದ್ದೆವು.

ಮಾಡಬೇಕಾದದ್ದು ದೊಡ್ಡದೇನಲ್ಲ. ಮರದ ಸಾಲಿಗೊಂದು ಎಲೆ ಗುಂಡಿ. ಮೆಸ್ಸಿನಲ್ಲಿ ಪಂಕ್ತಿಯ ಶಿಸ್ತು, ಕ್ಯಾಂಟೀನಿನಲ್ಲಿ ತೊಳೆಯುವ ಸ್ಟೀಲ್ ತಾಟು. ಪ್ರತಿ ವಿಭಾಗಕ್ಕೂ ರದ್ದಿಯ ಒಂದು ಲೆಕ್ಕದ ವಹಿ. ಕಸ ಮುಟ್ಟುವ ಕೈಗೆ ಗವಸು, ಸರಿಯಾದ ಸಂಬಳ. ಮತ್ತು ತಿಂಗಳಿಗೊಮ್ಮೆ ಎಷ್ಟು ಕಿಲೋ ಹೊರಗೆ ಹೋಯಿತು ಎಂದು ಸೂಚನಾ ಫಲಕದಲ್ಲಿ ಬರೆಯುವುದು. ಲೆಕ್ಕ ಇಟ್ಟ ಕಡೆ ಮಾತ್ರ ಕಸ ಕಡಿಮೆಯಾದದ್ದು ಕಾಣುತ್ತದೆ.

ಮುಂದಿನ ಸಲ ಊರಿಗೆ ಹೋದಾಗ ತಿಪ್ಪಿಯ ಬಳಿ ಒಂದು ಗಳಿಗೆ ನಿಂತು ನೋಡಿ. ಈಗೀಗ ಅಲ್ಲೂ ಗುಟ್ಕಾ ಚೀಟಿ, ಹಾಲಿನ ಪ್ಯಾಕೆಟ್ ಕಾಣುತ್ತಿವೆ. ಕಲಿಯಲು ಪಟ್ಟಣಕ್ಕೆ ಬಂದ ನಾವು ಊರಿಗೆ ವಾಪಸು ಏನು ಒಯ್ಯುತ್ತಿದ್ದೇವೆ ಎಂಬುದನ್ನು ಅಲ್ಲೇ ಓದಿಕೊಳ್ಳಬಹುದು.