ಸಮತೋಲದ ಸರಳು: ರೇಡಿಯೊ ಮಾದರಿ ಹೆಲಿಕಾಪ್ಟರಿನ ಚರಿತ್ರೆ

ಅಮೆರಿಕದ ಗುಡ್ ಸಹೋದರರು ತಮ್ಮ ‘ಗಫ್’ ಎಂಬ ಮಾದರಿ ವಿಮಾನವನ್ನು ರೇಡಿಯೊ ಸಂಕೇತದಿಂದ ಹಾರಿಸಿದ್ದು 1937ರಲ್ಲಿ. ಮಾದರಿ ಹೆಲಿಕಾಪ್ಟರ್ ಭರವಸೆಯಿಂದ ಹಾರಲು ಅಲ್ಲಿಂದ ಮೂರು ದಶಕ ಕಾಯಬೇಕಾಯಿತು. ರೇಡಿಯೊ ಇತ್ತು, ಪುಟ್ಟ ಎಂಜಿನ್ ಇತ್ತು, ಕೈಚಳಕಕ್ಕೂ ಬರವಿರಲಿಲ್ಲ. ಹಾಗಾದರೆ ತೊಡಕು ಎಲ್ಲಿತ್ತು?

ಅಳತೆ ಕುಗ್ಗಿಸುವುದರಲ್ಲೇ ಇತ್ತು. ಲೋಲಕದ ಉದ್ದವನ್ನು ಒಂಬತ್ತನೆಯ ಒಂದು ಪಾಲಿಗೆ ಇಳಿಸಿದರೆ ಅದು ಮೂರು ಪಟ್ಟು ಬೇಗ ತೂಗುತ್ತದೆ. ಹೆಲಿಕಾಪ್ಟರಿಗೂ ಇದೇ ಲೆಕ್ಕ. ಬೆಲ್ ಜೆಟ್‌ರೇಂಜರಿನ 10.16 ಮೀಟರ್ ವ್ಯಾಸದ ರೋಟರ್ ನಿಮಿಷಕ್ಕೆ ಸುಮಾರು 394 ಸುತ್ತು ತಿರುಗುತ್ತದೆ. ಅದರ ಒಂಬತ್ತನೆಯ ಒಂದು ಅಳತೆಯ ಮಾದರಿ 1,180ರ ಆಸುಪಾಸಿನಲ್ಲಿ ತಿರುಗಬೇಕು. ಮೂಲ ಯಂತ್ರ ವಾಲತೊಡಗಿದಾಗ ಪೈಲಟ್‌ಗೆ ಸಿಗುವ ಸಮಯದ ಮೂರನೆಯ ಒಂದು ಪಾಲಷ್ಟೇ ಮಾದರಿ ಹಾರಿಸುವವನಿಗೆ ದಕ್ಕುತ್ತದೆ. ಅದೂ ಯಂತ್ರದೊಳಗೆ ಕೂತಲ್ಲ, ದೂರದಲ್ಲಿ ನೆಲದ ಮೇಲೆ ನಿಂತು.

ಪರಿಹಾರ ಹುಟ್ಟಿದ್ದು ಇನ್ನೊಂದು ಮಾದರಿಯಲ್ಲೇ, ಆದರೆ ಆಟಕ್ಕೆಂದು ಮಾಡಿದ ಮಾದರಿಯಲ್ಲಲ್ಲ. ಪ್ರಿನ್ಸ್‌ಟನ್ನಿನಲ್ಲಿ ಓದಿದ ಆರ್ಥರ್ ಯಂಗ್ 1928ರಿಂದ ಹನ್ನೆರಡು ವರ್ಷಕ್ಕೂ ಹೆಚ್ಚು ಕಾಲ ಸಣ್ಣ ಹೆಲಿಕಾಪ್ಟರುಗಳನ್ನು ಕಟ್ಟುತ್ತ, ಮುರಿಯುತ್ತ ಕಳೆದ. ಪೆನ್ಸಿಲ್ವೇನಿಯದ ಪಾವೋಲಿಯ ಹಳೆಯ ಕಣಜವೊಂದು ಅವನ ಪ್ರಯೋಗಶಾಲೆಯಾಗಿತ್ತು. ಮಾದರಿಗೆ ವಿದ್ಯುತ್ತೂ ಆದೇಶವೂ ತಂತಿಯಲ್ಲೇ ಹೋಗುತ್ತಿದ್ದವು. ಎರಡು ಅಲಗಿನ ರೋಟರಿಗೆ ಅಡ್ಡವಾಗಿ, ತುದಿಗಳಲ್ಲಿ ತೂಕವಿದ್ದ ಸರಳೊಂದನ್ನು ಅವನು ಜೋಡಿಸಿದ. ಯಂತ್ರ ವಾಲಿದರೂ ಸುತ್ತುವ ಸರಳು ತನ್ನ ಸಮತಲವನ್ನು ಬೇಗ ಬಿಡದು. ಆ ವ್ಯತ್ಯಾಸವೇ ಅಲಗುಗಳ ಕೋನವನ್ನು ತಿದ್ದುತ್ತದೆ. 1941ರಲ್ಲಿ ಬಫಲೋದ ಬೆಲ್ ಕಂಪನಿಯ ಕಾರ್ಖಾನೆಯೊಳಗೆ ಈ ಮಾದರಿಯನ್ನು ಹಾರಿಸಿ ತೋರಿಸಿದ. ಅದರಿಂದ ಬೆಳೆದ ಬೆಲ್ 47, 1946ರ ಮಾರ್ಚ್ 8ರಂದು ಅಮೆರಿಕದಲ್ಲಿ ನಾಗರಿಕ ಬಳಕೆಯ ಪ್ರಮಾಣಪತ್ರ ಪಡೆದ ಮೊದಲ ಹೆಲಿಕಾಪ್ಟರಾಯಿತು. ದೊಡ್ಡದನ್ನು ನೋಡಿ ಚಿಕ್ಕದನ್ನು ಮಾಡುವುದು ವಾಡಿಕೆ. ಇಲ್ಲಿ ಚಿಕ್ಕದೇ ಮೊದಲು ಹುಟ್ಟಿತ್ತು.

ಕ್ಯಾಲಿಫೋರ್ನಿಯದ ಸ್ಟ್ಯಾನ್ಲಿ ಹಿಲ್ಲರ್ ಅದೇ ಸ್ಥಾನದ ಸರಳಿಗೆ ತೂಕದ ಬದಲು ಪುಟ್ಟ ರೆಕ್ಕೆಗಳನ್ನಿಟ್ಟ. ಪೈಲಟ್ ಈ ರೆಕ್ಕೆಗಳನ್ನು ಮಾತ್ರ ತಿರುಗಿಸುತ್ತಾನೆ, ಗಾಳಿಯ ಬಲದಿಂದ ಅವು ದೊಡ್ಡ ಅಲಗುಗಳನ್ನು ವಾಲಿಸುತ್ತವೆ. ಮಾದರಿ ತಯಾರಕರಿಗೆ ಇದು ವರದಾನವಾಯಿತು. ರೇಡಿಯೊ ಆದೇಶದಂತೆ ಭಾಗಗಳನ್ನು ತಿರುಗಿಸುವ ಪುಟ್ಟ ಮೋಟಾರುಗಳಾದ ಆಗಿನ ಸರ್ವೊಗಳಿಗೆ ಅಲಗಿನ ಸೆಳೆತವನ್ನು ನೇರವಾಗಿ ತಡೆದುಕೊಳ್ಳುವ ಶಕ್ತಿ ಇರಲಿಲ್ಲ, ಪುಟ್ಟ ರೆಕ್ಕೆಯನ್ನು ತಿರುಗಿಸುವ ಶಕ್ತಿ ಇತ್ತು. ಮುಂದೆ ಎರಡೂ ಉಪಾಯಗಳು ಬೆರೆತು ‘ಬೆಲ್-ಹಿಲ್ಲರ್’ ವ್ಯವಸ್ಥೆಯಾಯಿತು. ಮಾದರಿ ಲೋಕದಲ್ಲಿ ಈ ಸರಳಿನ ಹೆಸರು ಫ್ಲೈಬಾರ್.

ಇದನ್ನು ರೇಡಿಯೊ ಮಾದರಿಯಲ್ಲಿ ದುಡಿಸಿ ಗೆದ್ದವರು ಜರ್ಮನಿಯ ಎಂಜಿನಿಯರ್ ಡೀಟರ್ ಶ್ಲೂಟರ್. 1970ರಲ್ಲಿ ಅವರ ಬೆಲ್ ಹ್ಯೂಯಿ ಕೋಬ್ರಾ ಮಾದರಿ ವಿಶ್ವದಾಖಲೆಯ ಹಾರಾಟ ನಡೆಸಿತು. ಶೂಕೊ-ಹೆಗಿ ಕಂಪನಿ ಅದನ್ನು ಕಿಟ್ ರೂಪದಲ್ಲಿ ಮಾರಿತು. ಗಮನಿಸಬೇಕಾದ ಸಂಗತಿ ಬೇರೆಯೇ ಇದೆ. ಅಮೆರಿಕದ ಸೇನೆಯ ನಿಜವಾದ ಕೋಬ್ರಾಕ್ಕೆ ಸಮತೋಲದ ಸರಳೇ ಇರಲಿಲ್ಲ! ಹ್ಯೂಯಿ ಎಂಬ ತಮ್ಮ ಹಿಂದಿನ ಹೆಲಿಕಾಪ್ಟರಿನಲ್ಲಿದ್ದ ಆ ಸರಳನ್ನು ತೆಗೆದು ಬೆಲ್ ಎಂಜಿನಿಯರುಗಳು ಕೋಬ್ರಾಕ್ಕೆ ವಿದ್ಯುನ್ಮಾನ ಸ್ಥಿರತೆ ಕೊಟ್ಟಿದ್ದರು. ಶ್ಲೂಟರ್ ಅದನ್ನು ಮರಳಿ ತಂದರು. ಅನುಕೃತಿ ಮಾದರಿಗಳ ಪರಂಪರೆ ಶುರುವಾದದ್ದೇ ತಾನು ಅನುಕರಿಸುವ ಯಂತ್ರದ ಬಗ್ಗೆ ಒಂದು ದೊಡ್ಡ ಸುಳ್ಳನ್ನು ಹೇಳುತ್ತ.

ಬೇರೆಯವರೂ ಇದಕ್ಕೆ ಕೈಹಾಕಿದರು: ಅಮೆರಿಕದ ಡು-ಬ್ರೊ ‘ವರ್ಲಿಬರ್ಡ್’ ಕಿಟ್ ಬಂತು, ನ್ಯೂರೆಂಬರ್ಗಿನ ಫ್ರಾಂಜ್ ಕವಾನ್ ಅವರ ಜೆಟ್‌ರೇಂಜರ್ ಬಂತು. ಶ್ಲೂಟರರ ಆರಂಭದ ಯಂತ್ರ ಎಂಜಿನ್ನಿನ ವೇಗ ಏರಿಳಿಸಿಯೇ ಮೇಲೆ ಕೆಳಗೆ ಹೋಗುತ್ತಿತ್ತು. ಕವಾನರ ಮಾದರಿಯಲ್ಲಿ ಅಲಗುಗಳ ಕೋನವೇ ಒಟ್ಟಾಗಿ ಬದಲಾಗುತ್ತಿತ್ತು. ಇಲ್ಲಿಂದ ಮುಂದೆ ಕಿಟ್ಟಿನ ಯಂತ್ರಭಾಗಗಳ ಮೇಲೆ ತನ್ನದೇ ದೇಹ ಕಟ್ಟುವ ಹವ್ಯಾಸ ಬೆಳೆಯಿತು.

ಈ ಕೆಲಸ ಶುರುವಾಗುವುದು ಮೂರು ದಿಕ್ಕಿನ ನಕ್ಷೆ ಹಾಗೂ ಫೋಟೊಗಳಿಂದ. ಮರದಲ್ಲೋ ಫೋಮಿನಲ್ಲೋ ಮೂಲ ಆಕಾರ ಕೆತ್ತಿ, ಅದರ ಅಚ್ಚು ತೆಗೆದು, ಒಳಗೆ ಗಾಜುನಾರು ಮತ್ತು ಎಪಾಕ್ಸಿ ಹಚ್ಚಿ ಎರಡು ಹೋಳಾಗಿ ದೇಹ ತಯಾರಿಸುತ್ತಾರೆ. ರಿವೆಟ್ಟುಗಳೆಂದರೆ ಸೂಜಿ ತುದಿಯಿಂದ ಸಾಲಾಗಿ ಇಟ್ಟ ಅಂಟಿನ ಹನಿಗಳು. ಇಷ್ಟೆಲ್ಲ ನಿಷ್ಠೆ ತೋರಿದರೂ ಒಳಗಿನ ಯಂತ್ರ ಬೇರೆ ದಾರಿ ಹಿಡಿದಿರುತ್ತದೆ. ಅಮೆರಿಕದ ಹೆಲಿಕಾಪ್ಟರುಗಳ ರೋಟರ್ ಮೇಲಿಂದ ನೋಡಿದರೆ ಅಪ್ರದಕ್ಷಿಣವಾಗಿ ತಿರುಗುತ್ತದೆ, ಮಾರುಕಟ್ಟೆಯ ಬಹುಪಾಲು ಮಾದರಿ ಯಂತ್ರಗಳದು ಪ್ರದಕ್ಷಿಣೆ. ಫ್ರೆಂಚ್ ಅಲೂಯೆಟ್ 3 ಆರಿಸಿಕೊಂಡವರು ಈ ಪೇಚಿನಿಂದ ಪಾರು, ಏಕೆಂದರೆ ಅದರದೂ ಪ್ರದಕ್ಷಿಣೆಯೇ. ಬೆಂಗಳೂರಿನ ಎಚ್‌ಎಎಲ್ 1960ರ ದಶಕದಿಂದ ಪರವಾನಗಿ ಪಡೆದು ಕಟ್ಟಿದ ‘ಚೇತಕ್’ ಇದೇ ಯಂತ್ರ. ಆದರೆ ಅದಕ್ಕೆ ಮೂರು ಅಲಗು. ಎರಡು ಅಲಗಿಗೆ ಹೇಳಿ ಮಾಡಿಸಿದ ಫ್ಲೈಬಾರ್ ಅಲ್ಲಿ ಕಣ್ಣಿಗೆ ರಾಚುತ್ತದೆ. ಸರಳಿಲ್ಲದ ಬಹು ಅಲಗಿನ ರೋಟರನ್ನು ಪಟ್ಟು ಹಿಡಿದು ಹಾರಿಸಿದವರೂ ಇದ್ದರು, ಆದರೆ ಅದಕ್ಕೆ ಬೇಕಾದ ಕೈ ಎಲ್ಲರದಲ್ಲ.

ಸರಳು ಕಳಚಿಬಿದ್ದದ್ದು ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದ ಕೊನೆಯ ಹೊತ್ತಿಗೆ. ಚಿಪ್‌ನ ಮೇಲಿನ ಅತಿಸೂಕ್ಷ್ಮ ಗೈರೊಗಳು ಮೂರೂ ಅಕ್ಷಗಳ ಚಲನೆಯನ್ನು ಅಳೆದು, ವೇಗದ ಡಿಜಿಟಲ್ ಸರ್ವೊಗಳಿಗೆ ಕ್ಷಣಕ್ಷಣಕ್ಕೂ ಆದೇಶ ಕೊಡತೊಡಗಿದವು. ಅಲಗಿನ ನೇರ ಸೆಳೆತ ತಾಳುವ ಶಕ್ತಿಯೂ ಆ ಸರ್ವೊಗಳಿಗೆ ಬಂದಿತ್ತು. ಕೋಬ್ರಾದ ಎಂಜಿನಿಯರುಗಳು 1960ರ ದಶಕದಲ್ಲಿ ಹಿಡಿದ ದಾರಿಗೆ ಮಾದರಿ ಯಂತ್ರ ಬಂದು ಸೇರಿದ್ದು ನಾಲ್ಕು ದಶಕ ತಡವಾಗಿ.

ಬೆಂಗಳೂರಿನಲ್ಲಿ 1992ರ ಆಗಸ್ಟ್ 20ರಂದು ಮೊದಲು ಹಾರಿದ ‘ಧ್ರುವ’ ಹೆಲಿಕಾಪ್ಟರಿನ ನಾಲ್ಕು ಅಲಗಿನ, 13.2 ಮೀಟರ್ ವ್ಯಾಸದ ರೋಟರನ್ನು ಅಡ್ಡ ಸರಳಿನ ಹಂಗಿಲ್ಲದೆ ಕುಗ್ಗಿಸಿ ಹಾರಿಸುವುದು ಇಂದು ಸಾಧ್ಯ. ತೂಕದ ಲೆಕ್ಕ ಮಾತ್ರ ಇನ್ನೂ ಹಟ ಬಿಟ್ಟಿಲ್ಲ. ಜೆಟ್‌ರೇಂಜರಿನ ಗರಿಷ್ಠ 1,451 ಕಿಲೊ ತೂಕವನ್ನು ಒಂಬತ್ತರ ಘನದಿಂದ, ಅಂದರೆ 729ರಿಂದ ಭಾಗಿಸಿದರೆ ಬರುವುದು ಎರಡೇ ಕಿಲೊ. ಮೋಟಾರು, ಬ್ಯಾಟರಿ, ಸರ್ವೊ, ಗಾಜುನಾರಿನ ಮೈ ಎಲ್ಲ ಸೇರಿದ ಮಾದರಿ ಅದನ್ನು ಸುಲಭವಾಗಿ ಮೀರುತ್ತದೆ. ಹಾಗಾಗಿ ರೋಟರನ್ನು ಲೆಕ್ಕದ 1,180 ಸುತ್ತಿಗಿಂತ ಜೋರಾಗಿ ತಿರುಗಿಸಬೇಕು, ಇಲ್ಲವೇ ಅಲಗನ್ನು ಮೂಲಕ್ಕಿಂತ ಅಗಲ ಮಾಡಬೇಕು.