ಅಲಗು ಬಂತು, ವರಸೆ ಬರಲಿಲ್ಲ

ಫಿರಂಗಿ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ತೋಪು. ಆದರೆ ಬೆಳಗಾವಿಯಿಂದ ಜಾಂಬೋಟಿ ದಾರಿ ಹಿಡಿದು ಖಾನಾಪುರದ ಕಾಡಂಚಿನ ಹಳ್ಳಿಗಳಿಗೆ ಹೋದರೆ, ಅಲ್ಲಿ ಅನೇಕರ ಮನೆಮಾತಾದ ಮರಾಠಿಯಲ್ಲಿ ‘ಫಿರಂಗ’ ಎಂದರೆ ಕತ್ತಿ. ಎಲ್ಲ ಕತ್ತಿಯೂ ಅಲ್ಲ, ಪರದೇಶದಿಂದ ಬಂದ ನೇರ ಅಲಗಿನ ಕತ್ತಿ. ಒಂದೇ ಪರಂಗಿಯವನು ಒಂದು ಭಾಷೆಗೆ ತೋಪನ್ನೂ ಇನ್ನೊಂದಕ್ಕೆ ಕತ್ತಿಯನ್ನೂ ಕೊಟ್ಟು ಹೋದ!

ಜಾಂಬೋಟಿಯಿಂದ ಮುಂದೆ ಮಲಪ್ರಭೆಯ ಉಗಮವಾದ ಕಣಕುಂಬಿ, ಅದನ್ನು ದಾಟಿದರೆ ಚೋರ್ಲಾ ಘಟ್ಟ, ಇಳಿದರೆ ಗೋವೆ. 1510ರಲ್ಲಿ ಅಲ್ಬುಕರ್ಕ್ ವಿಜಾಪುರದ ಆದಿಲಶಾಹಿಯಿಂದ ಗೋವೆಯನ್ನು ಕಿತ್ತುಕೊಂಡ ಮೇಲೆ ಘಟ್ಟದ ಕೆಳಗೆ ಪೋರ್ಚುಗೀಸರು, ಮೇಲೆ ಬೆಳಗಾವಿಯಲ್ಲಿ ವಿಜಾಪುರದ ಸರದಾರರು. ಇವರ ನಡುವೆ ಯುದ್ಧವೂ ನಡೆಯುತ್ತಿತ್ತು, ವ್ಯಾಪಾರವೂ ನಡೆಯುತ್ತಿತ್ತು. ಹಡಗಿನಲ್ಲಿ ಬಂದ ಕುದುರೆಗಳಿಗೆ ದಖ್ಖನಿನಲ್ಲಿ ಎಷ್ಟು ಗಿರಾಕಿ ಇತ್ತೆಂಬುದು ಎಲ್ಲರಿಗೂ ಗೊತ್ತು. ಕುದುರೆಯ ಮಾತು ಪಠ್ಯಪುಸ್ತಕದಲ್ಲಿ ಬರುತ್ತದೆ. ಕತ್ತಿಯ ಅಲಗಿನ ಮಾತು ಬರುವುದಿಲ್ಲ.

ಅಲಗು ಮಾತ್ರ ಎಂಬುದನ್ನು ಗಮನಿಸಬೇಕು. ಸ್ಪೇನಿನ ತೊಲೆದೊ, ಜರ್ಮನಿಯ ಜೋಲಿಂಗೆನ್ ಮೊದಲಾದ ಊರುಗಳು ಕತ್ತಿಗೆ ಹೆಸರಾಗಿದ್ದವು. ಯೂರೋಪಿನ ಅಲಗು ಇಲ್ಲಿಗೆ ಬಂದ ಮೇಲೆ ನಮ್ಮ ಕಮ್ಮಾರರು ಅದಕ್ಕೆ ನಮ್ಮ ಹಿಡಿಕೆ ಕೂಡಿಸುತ್ತಿದ್ದರು. ಮುಷ್ಟಿಗೆ ಅಗಲವಾದ ಕಾಪು, ಹಿಡಿಕೆಯ ತುದಿಗೆ ಉದ್ದನೆಯ ಮೊಳೆ. ಬೇಕೆಂದಾಗ ಇನ್ನೊಂದು ಕೈಯಿಂದ ಆ ಮೊಳೆಯನ್ನು ಹಿಡಿದು ಎರಡೂ ಕೈಯಿಂದ ಬೀಸಬಹುದು. ಕೊಲ್ಹಾಪುರದ ನಾಲ್ಕನೇ ಶಿವಾಜಿ 1875-76ರಲ್ಲಿ ಭಾರತಕ್ಕೆ ಬಂದಿದ್ದ ಇಂಗ್ಲೆಂಡಿನ ಯುವರಾಜನಿಗೆ ಒಪ್ಪಿಸಿದ, ಛತ್ರಪತಿ ಶಿವಾಜಿಯದೆಂದು ಹೇಳಲಾಗುವ ಖಡ್ಗದ ಅಲಗೂ ಯೂರೋಪಿನದೇ. ಅದು ಈಗಲೂ ಬ್ರಿಟಿಷ್ ರಾಜಮನೆತನದ ಸಂಗ್ರಹದಲ್ಲಿದೆ. ಆ ಖಡ್ಗ ಮರಳಿ ಬರಲಿ ಎಂದು ಕೂಗುವವರಲ್ಲಿ ಎಷ್ಟು ಜನರಿಗೆ ಈ ಸಂಗತಿ ಗೊತ್ತೋ ತಿಳಿಯದು. ಗೊತ್ತಾದರೆ ಖಡ್ಗದ ಬೆಲೆಯೇನೂ ಕಡಿಮೆಯಾಗುವುದಿಲ್ಲ.

ಅಲಗು ಬಂತು ಸರಿ, ಅದನ್ನು ಆಡಿಸುವ ವಿದ್ಯೆ? ಇಲ್ಲಿ ಕಾಲದ ಒಂದು ಕಾಕತಾಳೀಯವಿದೆ. 1580ರಿಂದ 1640ರವರೆಗೆ ಪೋರ್ಚುಗಲ್ಲಿಗೂ ಸ್ಪೇನಿಗೂ ಒಬ್ಬನೇ ದೊರೆ. ಆಡಳಿತ ಪೋರ್ಚುಗೀಸರ ಕೈಯಲ್ಲೇ ಇದ್ದರೂ ಗೋವೆ ಆ ಅರವತ್ತು ವರ್ಷ ಸ್ಪೇನಿನ ದೊರೆಗಳ ಛತ್ರದ ಕೆಳಗಿತ್ತು. ಅದೇ ಹೊತ್ತಿಗೆ, 1582ರಲ್ಲಿ, ಜೆರೋನಿಮೋ ಸಾಂಚೆಸ್ ದೆ ಕರಾಂಸಾ ಎಂಬಾತನ ಗ್ರಂಥ ಸ್ಪೇನಿನಲ್ಲಿ ಅಚ್ಚಾಯಿತು. ಕತ್ತಿವರಸೆಗೆ ರೇಖಾಗಣಿತವೇ ಬುನಾದಿ ಎಂಬುದು ಅವನ ವಾದ. 1600ರಲ್ಲಿ ಶಿಷ್ಯಪರಂಪರೆಯ ಲೂಯಿಸ್ ಪಾಚೆಕೊ ದೆ ನಾರ್ವಾಯೆಸ್ ಇನ್ನೊಂದು ದೊಡ್ಡ ಗ್ರಂಥ ತಂದ. ಈ ಪದ್ಧತಿಗೆ ‘ವೆರ್ದಾದೇರಾ ದೆಸ್ತ್ರೇಸಾ’, ಅಂದರೆ ನಿಜವಾದ ಕೌಶಲ ಎಂದು ಹೆಸರು.

ಅದರ ತಿರುಳು ಹೀಗೆ. ನೆಲದ ಮೇಲೆ ಇಬ್ಬರ ನಡುವೆ ಒಂದು ವೃತ್ತವಿದೆಯೆಂದು ಭಾವಿಸಿಕೊಳ್ಳಬೇಕು. ಮೈ ನೆಟ್ಟಗಿರಬೇಕು. ತೋಳು ಮತ್ತು ಕತ್ತಿ ಒಂದೇ ಸರಳರೇಖೆಯಾಗಿ ಎದುರಾಳಿಯತ್ತ ಚಾಚಿರಬೇಕು. ನೇರವಾಗಿ ನುಗ್ಗಿದರೆ ಅವನ ಮೊನೆಗೆ ನೀವೇ ಸಿಗುತ್ತೀರಿ; ಆದ್ದರಿಂದ ವೃತ್ತದ ಅಂಚಿನಲ್ಲಿ ಪಕ್ಕಕ್ಕೆ ಹೆಜ್ಜೆಯಿಡುತ್ತ, ಅವನ ಅಲಗನ್ನು ನಿಮ್ಮ ಅಲಗಿನಿಂದ ಅದುಮಿ ಹಿಡಿದು, ಒಳ್ಳೆಯ ಕೋನ ಸಿಕ್ಕಾಗ ಹೊಡೆಯಬೇಕು. ರೋಷಕ್ಕಿಂತ ಲೆಕ್ಕ ಮುಖ್ಯ.

ಈಗ ಬೆಳಗಾವಿಗೆ ಬರೋಣ. ಇಲ್ಲಿನ ಶಿವಜಯಂತಿ ಮೆರವಣಿಗೆಯಲ್ಲಿ ದಾಂಡಪಟ್ಟಾ ನೋಡದವರು ಕಡಿಮೆ. ಪಟ್ಟಾ ಎಂದರೆ ಹಿಡಿಯುವ ಕತ್ತಿಯಲ್ಲ, ತೊಡುವ ಕತ್ತಿ. ಮುಂಗೈ ಮುಚ್ಚುವ ಲೋಹದ ಗವಸು, ಅದರೊಳಗೆ ಅಡ್ಡಪಟ್ಟಿ, ಮುಂದಕ್ಕೆ ಉದ್ದನೆಯ ನೇರ ಅಲಗು. ಹಳೆಯ ಪಟ್ಟಾಗಳಲ್ಲಿ ಎಷ್ಟೋ ಅಲಗುಗಳು ಯೂರೋಪಿನವು. ಒಮ್ಮೆ ನಾನೂ ಕೈ ತೂರಿಸಿ ನೋಡಿದೆ. ಮಣಿಕಟ್ಟು ಕೂಡಲೇ ಸ್ತಬ್ಧ! ತಲವಾರಿನಂತೆ ಮಣಿಕಟ್ಟು ತಿರುಗಿಸುವ ಮಾತೇ ಇಲ್ಲ. ಬೀಸಬೇಕಾದರೆ ಭುಜ, ಸೊಂಟ, ಪಾದ ಎಲ್ಲವೂ ತಿರುಗಬೇಕು. ನಾಲ್ಕು ಸಲ ಬೀಸುವಷ್ಟರಲ್ಲಿ ತೋಳು ಸೋತಿತು. ಪಕ್ಕದಲ್ಲಿ ನಿಂತವರು ದೂರ ಸರಿದದ್ದೂ ಕಂಡಿತು.

ಹಾಗಾಗಿ ಇಲ್ಲೂ ತೋಳು ಮತ್ತು ಅಲಗು ಒಂದೇ ರೇಖೆ, ಇಲ್ಲೂ ಸುತ್ತುವ ಹೆಜ್ಜೆ. ಇದನ್ನು ನೋಡಿ ನಮ್ಮ ಪಟ್ಟಾ ಸ್ಪೇನಿನವರ ಶಿಷ್ಯ ಎಂದೋ, ಅವರೇ ನಮ್ಮಿಂದ ಕಲಿತರೆಂದೋ ಹೇಳಿಬಿಡುವುದು ಸುಲಭ. ಅಂಥ ಮಾತಿಗೆ ಆಧಾರವಿಲ್ಲ. ಸ್ಪೇನಿನ ವಿದ್ಯೆ ನೆಲದ ಮೇಲೆ ಎದುರುಬದುರಾಗಿ ನಿಂತ ಇಬ್ಬರ ವಿದ್ಯೆ, ಅದರ ಜೀವ ಒಂದು ಮೊನೆಯಲ್ಲಿ. ಪಟ್ಟಾ ನಾಲ್ಕು ಜನ ಮುತ್ತಿದಾಗ ಸುತ್ತಲೂ ಬೀಸಿ ಜಾಗ ಮಾಡಿಕೊಳ್ಳುವ ವಿದ್ಯೆ. ಕುದುರೆ ಸವಾರನ ಕೈಯಲ್ಲಿ ಅದು ಈಟಿಯೂ ಆಗುತ್ತಿತ್ತು. ಸಾಗರ ದಾಟಿ ಬಂದದ್ದು ಕಬ್ಬಿಣ. ಅದನ್ನು ಆಡಿಸಿದ ಕಾಲು ಇಲ್ಲಿಯದೇ.

ಇಲ್ಲಿಯ ಕಾಲಿಗೆ ಇತಿಹಾಸವೂ ಇದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೇ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದದ ಜೊತೆಗೆ ದ್ವಂದ್ವಕಾಳಗದ ಅಂಕವಿನೋದವೂ ಉಂಟು. ಹದಿನಾರನೇ ಶತಮಾನದಲ್ಲಿ ವಿಜಯನಗರ ಕಂಡ ಪೋರ್ಚುಗೀಸ್ ವರ್ತಕ ನೂನಿಜ್, ಮಂತ್ರಿಯ ಅಪ್ಪಣೆ ಪಡೆದು ದ್ವಂದ್ವಯುದ್ಧ ಮಾಡುವವರಿಗೆ ಅಲ್ಲಿ ದೊಡ್ಡ ಗೌರವವಿತ್ತೆಂದೂ, ಸತ್ತವನ ಆಸ್ತಿ ಗೆದ್ದವನಿಗೆ ಸೇರುತ್ತಿತ್ತೆಂದೂ ಬರೆದಿದ್ದಾನೆ.

ಈ ವಿದ್ಯೆ ಕ್ಷೀಣಿಸಿದ್ದೇಕೆ? ಬಂದೂಕು ಒಂದು ಕಾರಣ. ಕಾನೂನು ಇನ್ನೊಂದು. ಖಾನಾಪುರ ತಾಲ್ಲೂಕಿನ ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನನ್ನು ಬ್ರಿಟಿಷರು 1831ರ ಜನವರಿ 26ರಂದು ಗಲ್ಲಿಗೇರಿಸಿದರು. ಕತ್ತಿ ಹಿಡಿದ ಪ್ರಜೆ ಎಂದರೆ ಸರ್ಕಾರಕ್ಕೆ ಎಂಥ ಭಯ ಎಂಬುದನ್ನು ಈ ಸೀಮೆ ಹತ್ತಿರದಿಂದ ಕಂಡಿದೆ. 1878ರ ಶಸ್ತ್ರಾಸ್ತ್ರ ಕಾಯ್ದೆ ಬಂದ ಮೇಲೆ ಆಯುಧಕ್ಕೆ ಪರವಾನಗಿ ಬೇಕಾಯಿತು; ನಮ್ಮ ಕೊಡವರಿಗೆ ಸಿಕ್ಕ ವಿನಾಯಿತಿ ಉಳಿದವರಿಗೆ ಸಿಗಲಿಲ್ಲ. ತುಳುನಾಡಿನಲ್ಲಿ ಗರಡಿಗಳು ಕೋಟಿ ಚೆನ್ನಯರ ಆರಾಧನೆಯ ತಾಣಗಳಾಗಿ ಉಳಿದವು. ಬೆಳಗಾವಿ, ಕೊಲ್ಹಾಪುರದ ಕಡೆ ತಾಲೀಮುಗಳಲ್ಲಿ ಕುಸ್ತಿ ಗಟ್ಟಿಯಾಗಿ ನಿಂತಿತು. ಆಯುಧದ ಆಟ ‘ಮರ್ದಾನಿ ಖೇಳ’ ಎಂಬ ಹೆಸರಿನಲ್ಲಿ ಹಬ್ಬಕ್ಕೆ, ಮೆರವಣಿಗೆಗೆ ಸೇರಿತು. ಮಹಾರಾಷ್ಟ್ರ ಸರ್ಕಾರ 2024ರಲ್ಲಿ ದಾಂಡಪಟ್ಟಾವನ್ನು ರಾಜ್ಯಶಸ್ತ್ರವೆಂದು ಘೋಷಿಸಿತು. ಗಡಿಯ ಈಚೆಗಿನ ಪಟ್ಟಾದ ಬಗ್ಗೆ ನಮ್ಮವರು ಹೆಚ್ಚು ತಲೆ ಕೆಡಿಸಿಕೊಂಡಂತಿಲ್ಲ.

ಸ್ಪೇನಿನಲ್ಲೂ ಹಳೆಯ ವಿದ್ಯೆ ಸತ್ತೇ ಹೋಗಿತ್ತು. ಫ್ರಾನ್ಸ್ ಮತ್ತು ಇಟಲಿಯ ಪದ್ಧತಿಗಳು ಅದನ್ನು ಬದಿಗೆ ತಳ್ಳಿದ್ದವು. ಇಂದಿನ ಒಲಿಂಪಿಕ್ಸ್ ಫೆನ್ಸಿಂಗ್ ಕೂಡ ಆ ಪದ್ಧತಿಗಳ ಸಂತಾನವೇ. ತಮಿಳುನಾಡಿನ ಭವಾನಿ ದೇವಿ 2021ರಲ್ಲಿ ಟೋಕಿಯೊದಲ್ಲಿ ಆಡಿ ಭಾರತಕ್ಕೆ ಮೊದಲಿಗಳಾದದ್ದು ಅದರಲ್ಲಿಯೇ. ಆದರೆ ಕರಾಂಸಾ, ಪಾಚೆಕೊ ಬರೆದಿಟ್ಟಿದ್ದರು. ಇಪ್ಪತ್ತನೇ ಶತಮಾನದ ಕೊನೆಗೆ ಆಸಕ್ತರು ಆ ಪುಸ್ತಕ ಬಿಚ್ಚಿಟ್ಟುಕೊಂಡು, ನೆಲದ ಮೇಲೆ ಸೀಮೆಸುಣ್ಣದಿಂದ ವೃತ್ತ ಬರೆದು ಹೆಜ್ಜೆ ಹಾಕತೊಡಗಿದರು. ಗುರುವಿಲ್ಲದಿದ್ದರೂ ಗ್ರಂಥವಿತ್ತು.

ಪಟ್ಟಾದ ಪಾಠ ಇರುವುದು ಕಲಿಸುವವರ ಮೈಯಲ್ಲಿ. ಹುಡುಗನ ಕೈಗೆ ಮೊದಲು ಕೊಡುವುದು ಬರೀ ಕೋಲು. ಕೋಲು ತಿರುಗಿಸುತ್ತ ಹೆಜ್ಜೆ ಕೂಡಬೇಕು. ಹೆಜ್ಜೆ ಕೂಡಿದ ಮೇಲೆ ಕಬ್ಬಿಣ. ಇದಕ್ಕೆ ವರ್ಷಗಳೇ ಬೇಕು. ಮೆರವಣಿಗೆಯಲ್ಲಿ ಜನ ಚಪ್ಪಾಳೆ ತಟ್ಟುವುದು ಮಾತ್ರ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಲಿಂಬೆಹಣ್ಣು ಕತ್ತರಿಸಿದಾಗ. ಹೀಗಾಗಿ ಕಲಿಯಲು ಬರುವ ಹುಡುಗರು ಮೊದಲು ಕೇಳುವುದೂ ಲಿಂಬೆಹಣ್ಣನ್ನೇ, ಹೆಜ್ಜೆಯನ್ನಲ್ಲ.