ಕವಲು ಸರಪಳಿ 2-ಆಕ್ಸೊಆಮ್ಲ ಡಿಕಾರ್ಬಾಕ್ಸಿಲೇಸ್

ಕವಲು ಸರಪಳಿ 2-ಆಕ್ಸೊಆಮ್ಲ ಡಿಕಾರ್ಬಾಕ್ಸಿಲೇಸ್ (ಇಸಿ 4.1.1.72) ಕವಲು ಸರಪಳಿಯ ಕೀಟೋ ಆಮ್ಲಗಳಿಂದ ಇಂಗಾಲದ ಡೈಆಕ್ಸೈಡನ್ನು ಬೇರ್ಪಡಿಸುವ ಒಂದು ಕಿಣ್ವ. ಇದು ಲಯೇಸ್ ವರ್ಗದ ಕಾರ್ಬಾಕ್ಸಿ-ಲಯೇಸ್ ಉಪವರ್ಗಕ್ಕೆ ಸೇರಿದ್ದು, ಕೆಲವು ಬ್ಯಾಕ್ಟೀರಿಯಗಳಲ್ಲಿ ಕಂಡುಬರುತ್ತದೆ.

ಕ್ರಿಯೆ

ಲ್ಯೂಸೀನ್, ಐಸೊಲ್ಯೂಸೀನ್ ಮತ್ತು ವ್ಯಾಲೀನ್ ಎಂಬ ಅಮೈನೊ ಆಮ್ಲಗಳು ತಮ್ಮ ಅಮೈನೊ ಗುಂಪನ್ನು ಕಳೆದುಕೊಂಡಾಗ ಕವಲು ಸರಪಳಿಯ ಕೀಟೋ ಆಮ್ಲಗಳು ಉಂಟಾಗುತ್ತವೆ. ಈ ಕಿಣ್ವವು ಅವುಗಳನ್ನು ಆಲ್ಡಿಹೈಡ್ ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಒಡೆಯುತ್ತದೆ. ಐಸೊಲ್ಯೂಸೀನಿನ ಕೀಟೋ ಆಮ್ಲದಿಂದ 2-ಮೀಥೈಲ್‌ಬ್ಯುಟನಾಲ್, ಲ್ಯೂಸೀನಿನದರಿಂದ 3-ಮೀಥೈಲ್‌ಬ್ಯುಟನಾಲ್, ವ್ಯಾಲೀನಿನದರಿಂದ ಐಸೊಬ್ಯುಟಿರಾಲ್ಡಿಹೈಡ್ ದೊರೆಯುತ್ತವೆ. ಇಲ್ಲಿ ಹೆಸರಿಸಿದ ಬ್ಯುಟನಾಲ್‌ಗಳು ಆಲ್ಡಿಹೈಡ್‌ಗಳೇ ಹೊರತು ಮದ್ಯಸಾರಗಳಲ್ಲ. ಥಯಾಮಿನ್ (ಬಿ1 ಜೀವಸತ್ವ) ಮೂಲದ ಥಯಾಮಿನ್ ಪೈರೊಫಾಸ್ಫೇಟ್ ಇದರ ಸಹಕಿಣ್ವ.

ಬ್ಯಾಕ್ಟೀರಿಯಗಳಲ್ಲಿ

ಬ್ಯಾಸಿಲಸ್ ಸಬ್ಟಿಲಿಸ್‌ನಲ್ಲಿ ಕವಲು ಸರಪಳಿಯ ಕೊಬ್ಬಿನಾಮ್ಲಗಳ ತಯಾರಿಕೆಗೆ ಇಂಥ ಡಿಕಾರ್ಬಾಕ್ಸಿಲೇಸ್ ಅಗತ್ಯವೆಂದು ಓಕು ಮತ್ತು ಕನೇದ 1988ರಲ್ಲಿ ವರದಿ ಮಾಡಿದರು. ಹಾಲನ್ನು ಹುಳಿಗೊಳಿಸುವ ಲ್ಯಾಕ್ಟೊಕಾಕಸ್ ಲ್ಯಾಕ್ಟಿಸ್‌ನ ಕೆಲವು ತಳಿಗಳಲ್ಲಿಯೂ ಇದೇ ಬಗೆಯ ಕಿಣ್ವಗಳಿವೆ. ಅವು ಬಿಡುಗಡೆ ಮಾಡುವ 3-ಮೀಥೈಲ್‌ಬ್ಯುಟನಾಲ್ ಹಾಲಿಗೆ ಮಾಲ್ಟ್‌ನಂಥ ವಾಸನೆ ತರುತ್ತದೆ. 2008ರಲ್ಲಿ ಜೇಮ್ಸ್ ಲಿಯಾವೊ ಮತ್ತು ಸಂಗಡಿಗರು ಈ ಬ್ಯಾಕ್ಟೀರಿಯದ ಕೀಟೋ ಆಮ್ಲ ಡಿಕಾರ್ಬಾಕ್ಸಿಲೇಸ್ ಜೀನನ್ನು ಇ. ಕೋಲಿಯಲ್ಲಿ ಅಳವಡಿಸಿ, ಇಂಧನವಾಗಬಲ್ಲ ಐಸೊಬ್ಯುಟನಾಲ್ ಎಂಬ ಮದ್ಯಸಾರವನ್ನು ಪಡೆದರು.

ಮಾನವರಲ್ಲಿ

ಮಾನವರಲ್ಲಿ ಈ ಕೀಟೋ ಆಮ್ಲಗಳಿಂದ ಇಂಗಾಲದ ಡೈಆಕ್ಸೈಡನ್ನು ತೆಗೆಯುವುದು ಬೇರೊಂದು ಕಿಣ್ವ. ಅದು ಮೈಟೊಕಾಂಡ್ರಿಯದಲ್ಲಿರುವ ಕವಲು ಸರಪಳಿ ಕೀಟೋ ಆಮ್ಲ ಡಿಹೈಡ್ರೋಜಿನೇಸ್ ಸಂಕೀರ್ಣ. ಇದರಿಂದ ಆಲ್ಡಿಹೈಡಿನ ಬದಲು ಕೋಎನ್‌ಜೈಮ್-ಎ ಸಂಯುಕ್ತಗಳು ಉಂಟಾಗುತ್ತವೆ. ಎರಡರ ಹೆಸರುಗಳು ಹೋಲುವುದರಿಂದ ಗೊಂದಲವಾಗುವ ಸಂಭವವಿದೆ.

ಈ ಸಂಕೀರ್ಣದ ಕೊರತೆಯಿಂದ ಮೇಪಲ್ ಸಿರಪ್ ಮೂತ್ರ ರೋಗ ಬರುತ್ತದೆ. ಜಾನ್ ಮೆಂಕೆಸ್ ಮತ್ತು ಸಂಗಡಿಗರು 1954ರಲ್ಲಿ ಇದನ್ನು ಮೊದಲು ವರ್ಣಿಸಿದರು. ರೋಗದ ತೀವ್ರ ರೂಪದಲ್ಲಿ ಶಿಶುವು ಹುಟ್ಟಿದ ಕೆಲವೇ ದಿನಗಳಲ್ಲಿ ಹಾಲು ಕುಡಿಯುವುದನ್ನು ಬಿಟ್ಟು ಮಂಕಾಗುತ್ತದೆ. ಮೂತ್ರಕ್ಕೆ ಸುಟ್ಟ ಸಕ್ಕರೆಯ ವಾಸನೆ ಬರುತ್ತದೆ. ಚಿಕಿತ್ಸೆ ದೊರೆಯದಿದ್ದರೆ ಮಿದುಳಿಗೆ ಹಾನಿಯಾಗಿ ಸಾವು ಸಂಭವಿಸಬಹುದು. ಲ್ಯೂಸೀನ್ ಮಿತಗೊಳಿಸಿದ ವಿಶೇಷ ಆಹಾರವೇ ಮುಖ್ಯ ಚಿಕಿತ್ಸೆ. ಕೆಲವು ರೋಗಿಗಳಿಗೆ ಥಯಾಮಿನ್‌ನಿಂದಲೂ ಪ್ರಯೋಜನವಾಗುತ್ತದೆ.

ದೋಷಯುಕ್ತ ಜೀನು ತಂದೆ ಮತ್ತು ತಾಯಿ ಇಬ್ಬರಿಂದಲೂ ಬಂದಾಗ ಮಾತ್ರ ಮಗುವಿಗೆ ರೋಗ ತಗಲುತ್ತದೆ. ಆದುದರಿಂದ ಕರ್ನಾಟಕದಲ್ಲಿ ರೂಢಿಯಲ್ಲಿರುವ ಅಕ್ಕನ ಮಗಳು ಅಥವಾ ಸೋದರಮಾವನ ಮಗಳೊಂದಿಗಿನ ವಿವಾಹಗಳಲ್ಲಿ ಇಂಥ ರೋಗಗಳ ಸಂಭವ ಹೆಚ್ಚು. ನವಜಾತ ಶಿಶುವಿನ ರಕ್ತಪರೀಕ್ಷೆಯಿಂದ ರೋಗವನ್ನು ಬೇಗನೆ ಗುರುತಿಸಬಹುದು.